ಡಬ್ಬಿಯಲ್ಲಿ ಮಾರುವ ಆರೋಗ್ಯ

‘ತೂಕ ಇಳಿಸಿಕೊಳ್ಳಬೇಕೆ? ಕರೆ ಮಾಡಿ’ ಎಂಬ ಚೀಟಿ ಒಂದು ಕಾಲಕ್ಕೆ ಬಸ್ ನಿಲ್ದಾಣದ ಕಂಬಗಳ ಮೇಲೆ ಮಾತ್ರ ಕಾಣುತ್ತಿತ್ತು. ಈಗ ಅದೇ ಮಾತು ನೆರೆಮನೆಯ ಅಕ್ಕನ ಬಾಯಲ್ಲಿ, ಮದುವೆ ಮನೆಯಲ್ಲಿ ಸಿಕ್ಕ ದೂರದ ಸಂಬಂಧಿಯ ಬಾಯಲ್ಲಿ ಬರುತ್ತಿದೆ. ‘ಯಾಕೆ ಇಷ್ಟು ದಪ್ಪಗಾಗಿದ್ದೀಯ?’ ಎಂದು ಯಾರಾದರೂ ಕೇಳಿದರೆ ಅದು ಕಾಳಜಿಯೋ, ವ್ಯಾಪಾರದ ಪೀಠಿಕೆಯೋ ಎಂದು ಅನುಮಾನಿಸಬೇಕಾದ ಕಾಲಕ್ಕೆ ನಾವು ಬಂದು ನಿಂತಿದ್ದೇವೆ.

ಬೊಜ್ಜು ಒಂದು ಸಮಸ್ಯೆಯೇ ಅಲ್ಲವೆಂದು ನಾವು ಹೇಳುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಶೇ. 30ರಷ್ಟು ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಪುರುಷರ ಪಾಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದೇ ಸಮೀಕ್ಷೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಇದೇ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ತಾಯಿಯ ಬೊಜ್ಜು ಮತ್ತು ಮಗುವಿನ ಅಪೌಷ್ಟಿಕತೆ ಒಂದೇ ಮನೆಯಲ್ಲಿ ಇರಬಲ್ಲವು. ಎರಡರ ಬೇರೂ ನಮ್ಮ ಊಟದ ತಟ್ಟೆ ಕೆಟ್ಟಿರುವುದರಲ್ಲಿದೆ. ತಟ್ಟೆಯನ್ನು ಸರಿಪಡಿಸಬೇಕಾದಲ್ಲಿ ಮಾರುಕಟ್ಟೆ ತಟ್ಟೆಯನ್ನೇ ಸರಿಸಿ ಡಬ್ಬಿಯನ್ನು ತಂದಿಡುತ್ತಿದೆ.

ಆ ಡಬ್ಬಿಯಲ್ಲಿ ಏನಿದೆ? ಲೇಬಲ್ ಓದಿದರೆ ಸಾಮಾನ್ಯವಾಗಿ ಸಿಗುವುದು ಸೋಯಾ ಅಥವಾ ಹಾಲಿನ ಪ್ರೋಟೀನು, ಸಿಹಿ, ಪರಿಮಳ, ಒಂದಿಷ್ಟು ವಿಟಮಿನ್. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ. ನೂರು ಗ್ರಾಂ ಹುರುಳಿಯಲ್ಲಿ 20 ಗ್ರಾಂಗಿಂತಲೂ ಹೆಚ್ಚಿದೆ. ನಮ್ಮ ಅಜ್ಜಿಯರು ಹುರುಳಿ ಸಾರನ್ನು ‘ಪೌಷ್ಟಿಕಾಂಶ ಕ್ಲಬ್ಬಿ’ನಲ್ಲಿ ಮಾರಲಿಲ್ಲ, ಅಷ್ಟೇ.

ಶೇಕ್ ಕುಡಿದವರ ತೂಕ ಇಳಿಯುವುದಿಲ್ಲವೇ? ಇಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿಯ ಊಟ ಬಿಟ್ಟು ಒಂದು ಲೋಟ ಪುಡಿನೀರು ಕುಡಿದರೆ ಯಾರ ತೂಕವಾದರೂ ಇಳಿಯುತ್ತದೆ. ಅದು ಪುಡಿಯ ಪವಾಡವಲ್ಲ, ಕಡಿಮೆ ತಿಂದದ್ದರ ಲೆಕ್ಕ. ಬ್ರಿಟನ್ನಿನಲ್ಲಿ ನಡೆದ, 2017ರಲ್ಲಿ ಪ್ರಕಟವಾದ ‘ಡೈರೆಕ್ಟ್’ ಅಧ್ಯಯನದಲ್ಲಿ ಇಂಥದೇ ದ್ರವಾಹಾರ ಸೇವಿಸಿದ ಮಧುಮೇಹಿಗಳಲ್ಲಿ ಶೇ. 46ರಷ್ಟು ಮಂದಿ ಒಂದು ವರ್ಷದ ಹೊತ್ತಿಗೆ ಔಷಧಿಯಿಲ್ಲದೆ ಸಕ್ಕರೆಯನ್ನು ಹತೋಟಿಗೆ ತಂದುಕೊಂಡಿದ್ದರು. ನಿಜ. ಆದರೆ ಅಲ್ಲಿ ದ್ರವಾಹಾರ ಮೂರರಿಂದ ಐದು ತಿಂಗಳು ಮಾತ್ರ. ಆಮೇಲೆ ಮಾಮೂಲಿ ಊಟಕ್ಕೆ ಮರಳಿಸಿದ್ದು ತರಬೇತಾದ ದಾದಿಯರು ಮತ್ತು ಆಹಾರತಜ್ಞರು, ಡಬ್ಬಿಯ ಮೇಲೆ ಕಮಿಷನ್ ಎಣಿಸುವವರಲ್ಲ. ನಮ್ಮಲ್ಲಿ ಸಲಹೆ ಕೊಡುವವರೂ ಅವರೇ, ಮಾರುವವರೂ ಅವರೇ. ಗಿರಾಕಿ ಊಟಕ್ಕೆ ಮರಳಿದರೆ ಅವರಿಗೆ ನಷ್ಟ.

ಇನ್ನು ಸಾದಾ ಪುಡಿಗಿಂತ ಭಯಂಕರವಾದವು ‘ಸಂಪೂರ್ಣ ಗಿಡಮೂಲಿಕೆ’ ಎಂಬ ಮಾತ್ರೆಗಳು. ಗಿಡಮೂಲಿಕೆ ಎಂದಮಾತ್ರಕ್ಕೆ ನಿರಪಾಯವಲ್ಲ. ಎಫೆಡ್ರಾ ಎಂಬ ಗಿಡದ ಸಾರವಿದ್ದ ತೂಕ ಇಳಿಸುವ ಮಾತ್ರೆಗಳನ್ನು ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯದಿಂದಾಗಿ ಅಮೆರಿಕ 2004ರಲ್ಲಿ ನಿಷೇಧಿಸಿತು. ಸಿಬುಟ್ರಮಿನ್ ಎಂಬ ಔಷಧವನ್ನು ಹೃದಯಕ್ಕೆ ಅಪಾಯವೆಂದು 2010ರಲ್ಲಿ ಅಲ್ಲಿ ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಲಾಯಿತು, 2011ರಲ್ಲಿ ಭಾರತವೂ ತಡೆಯಿತು. ಅದಾದ ಮೇಲೂ ಲೇಬಲ್ಲಿನಲ್ಲಿ ಹೆಸರಿಲ್ಲದೆ ಈ ಔಷಧ ‘ನೈಸರ್ಗಿಕ’ ಮಾತ್ರೆಗಳೊಳಗೆ ಅಡಗಿ ಕುಳಿತದ್ದನ್ನು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಮತ್ತೆ ಮತ್ತೆ ಪತ್ತೆ ಹಚ್ಚಿದೆ.

ಹಾಗಾದರೆ ನಮ್ಮ ಕಾನೂನು ಮಲಗಿದೆಯೇ? 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಬೊಜ್ಜನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು ನಿಷೇಧಿಸಿದೆ. ತಮಾಷೆಯೆಂದರೆ, ದೇಹದ ಮೇಲೆ ಪರಿಣಾಮ ಬೀರುವ ವಸ್ತುಗಳನ್ನು ‘ಔಷಧ’ ಎಂದು ಕರೆಯುವಾಗ ಆ ಕಾಯ್ದೆ ಆಹಾರವನ್ನು ಹೊರಗಿಟ್ಟಿದೆ. ಆ ಬಾಗಿಲಿನಿಂದಲೇ ಡಬ್ಬಿಗಳೆಲ್ಲ ಒಳನುಗ್ಗಿವೆ. ಕಾನೂನಿನ ಮುಂದೆ ಅದು ‘ಆಹಾರ’, ಗಿರಾಕಿಯ ಮುಂದೆ ಥೈರಾಯ್ಡಿಗೂ ಮಂಡಿನೋವಿಗೂ ಮದ್ದು! ಇಂಥ ಪೂರಕಗಳ ಲೇಬಲ್ಲಿನಲ್ಲಿ ‘ಔಷಧೀಯ ಬಳಕೆಗಲ್ಲ’ ಎಂದು ಬರೆಯಬೇಕೆಂದು 2016ರ ನಿಯಮ ಹೇಳುತ್ತದೆ. ಮಾರುವವರು ಬಾಯಿಂದ ಹೇಳುವ ಮಾತಿಗೆ ಲೇಬಲ್ ಎಲ್ಲಿದೆ?

ನಮಗೆ ಎಲ್ಲಕ್ಕಿಂತ ನೋವಿನ ಸಂಗತಿ, ಈ ವ್ಯಾಪಾರ ಹಬ್ಬುತ್ತಿರುವ ಬಗೆ. ಕೊಂಡವಳೇ ನಾಳೆ ಮಾರಬೇಕು, ಅವಳು ಇನ್ನಿಬ್ಬರನ್ನು ಸೇರಿಸಬೇಕು. ದುಡಿಮೆಯ ದಾರಿಗಳು ಮುಚ್ಚಿದ ಮನೆಯ ಹೆಣ್ಣುಮಕ್ಕಳಿಗೆ ‘ಸ್ವಾವಲಂಬನೆ’ಯ ಆಸೆ ತೋರಿಸುವುದು ಸುಲಭ. ಇಂಥ ಶೇಕ್‌ಗಳಿಗೆ ಜಗತ್ತಿನಾದ್ಯಂತ ಹೆಸರಾದ ಹರ್ಬಲೈಫ್ ಕಂಪೆನಿ, ದೊಡ್ಡ ಆದಾಯದ ಆಸೆ ಹುಟ್ಟಿಸಿ ಜನರನ್ನು ದಾರಿ ತಪ್ಪಿಸಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಕಂಪೆನಿ ಆರೋಪವನ್ನು ಒಪ್ಪಲಿಲ್ಲ. ಆದರೆ 2016ರ ರಾಜಿಯಲ್ಲಿ 20 ಕೋಟಿ ಡಾಲರ್ ತೆರಲು, ವ್ಯಾಪಾರದ ಕ್ರಮವನ್ನು ಬದಲಿಸಲು ಒಪ್ಪಿತು. 2017ರಲ್ಲಿ ಸುಮಾರು ಮೂರೂವರೆ ಲಕ್ಷ ಜನರಿಗೆ ಪರಿಹಾರದ ಚೆಕ್ಕುಗಳು ಹೋದವು. ನಮ್ಮಲ್ಲೂ 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಆದರೆ ನೆಂಟಸ್ತಿಕೆಯ ದಾಕ್ಷಿಣ್ಯಕ್ಕೆ ಸಿಕ್ಕು ಡಬ್ಬಿ ಕೊಂಡು ಕೈಸುಟ್ಟುಕೊಂಡವಳು ದೂರು ಕೊಡುವುದು ಯಾರ ಮೇಲೆ? ಸ್ವಂತ ನಾದಿನಿಯ ಮೇಲೆಯೇ?

ನಾಚಿಕೆಯೇ ಈ ಮಾರುಕಟ್ಟೆಯ ಬಂಡವಾಳ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಸೊಂಟ ಅಳೆಯುವ, ಬಾಣಂತನ ಮುಗಿಸಿದವಳ ಹೊಟ್ಟೆ ನೋಡಿ ನಗುವ ನಾವೇ ಅದಕ್ಕೆ ಆ ಬಂಡವಾಳ ಒದಗಿಸುತ್ತಿದ್ದೇವೆ. ಆದ್ದರಿಂದ ಸರಕಾರ ಬಾಯಿಮಾತಿನ ಜಾಹೀರಾತಿಗೂ ಲಗಾಮು ಹಾಕಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಹಾರದ ಸಲಹೆ ಕೊಡುವವರನ್ನು ನೇಮಿಸಲಿ ಎಂದು ಒತ್ತಾಯಿಸುವುದರ ಜೊತೆಗೆ ನಾವು ಮಾಡಬೇಕಾದ ಕೆಲಸವೂ ಇದೆ. ಸಂಜೆ ನಡೆಯಲು ಹೊರಟ ಹೆಣ್ಣುಮಕ್ಕಳನ್ನು ‘ಎಲ್ಲಿಗೆ?’ ಎಂದು ತಡೆದು ನಿಲ್ಲಿಸದಿರೋಣ. ಮನೆಮಂದಿಗೆಲ್ಲ ಬಡಿಸಿ ಉಳಿದದ್ದನ್ನು ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವ ಅವಳನ್ನು ನಮ್ಮ ಜೊತೆಗೇ ಊಟಕ್ಕೆ ಕೂರಿಸೋಣ. ಅದಕ್ಕೆ ಯಾವ ಡಬ್ಬಿಯೂ ಬೇಕಿಲ್ಲ.