ಹಾಜರಿಯ ಗೆರೆಯೂ ಮಳೆಗಾಲದ ಹಾದಿಯೂ

ವಿದ್ಯಾರ್ಥಿಗಳ ಯೋಗ್ಯತೆಯನ್ನು ಅಳೆಯುವುದಕ್ಕೆ ನಮ್ಮ ವಿಶ್ವವಿದ್ಯಾನಿಲಯಗಳು ಈಗ ಬಹು ಸೂಕ್ಷ್ಮವಾದ ಮಾನವೊಂದನ್ನು ಇಟ್ಟುಕೊಂಡಿವೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೧೫ರ ಸುಮಾರಿಗೆ ಸೂಚಿಸಿದ ಕ್ರಮದಲ್ಲಿ ಸರ್ವೋತ್ತಮನಿಗೆ ‘ಓ’ ಎಂಬ ಅಕ್ಷರವೂ ೧೦ ಅಂಶಗಳೂ, ಹೇಗೋ ತೇರ್ಗಡೆಯಾದವನಿಗೆ ‘ಪಿ’ ಎಂಬ ಅಕ್ಷರವೂ ೪ ಅಂಶಗಳೂ ಸಲ್ಲುತ್ತವೆ. ನಡುವೆ ಐದು ಮೆಟ್ಟಿಲುಗಳುಂಟು. ಬುದ್ಧಿಯಲ್ಲಿ ತಾರತಮ್ಯವುಂಟೆಂಬುದನ್ನು ಒಪ್ಪಿದ ಈ ಏರ್ಪಾಡು ಸ್ತುತ್ಯವೇ ಸರಿ. ಆದರೆ ಪರೀಕ್ಷಾಮಂದಿರದ ಬಾಗಿಲಲ್ಲಿ ನಿಂತಿರುವ ಹಾಜರಿಯ ನಿಯಮಕ್ಕೆ ಮಾತ್ರ ಮೆಟ್ಟಿಲುಗಳಿಲ್ಲ. ನೂರಕ್ಕೆ ೭೫ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಪರೀಕ್ಷೆಗೆ ಬಾರದವನಿಗೂ ವಿದ್ಯೆ ಬಾರದವನಿಗೂ ಸಿಕ್ಕುವುದು ಸೊನ್ನೆಯೇ.

ಈ ಗೆರೆಯು ಧಾರವಾಡದ ಪೇಟೆಯವನಿಗೂ ಯಾಣದ ಕಾಡಿನವನಿಗೂ ಒಂದೇ. ಕರ್ನಾಟಕ ವಿಶ್ವವಿದ್ಯಾನಿಲಯವು ೧೯೪೯ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದಾಗ, ವಿದ್ಯಾಪೀಠವು ಹತ್ತಿರವಾಯಿತೆಂದು ಕನ್ನಡ ಜಿಲ್ಲೆಯ ಜನರು ಎಣಿಸಿದುದು ಸಹಜವೇ. ಕುಮಟೆ, ಹೊನ್ನಾವರಗಳಲ್ಲಿ ಕಾಲೇಜುಗಳೂ ಆದವು. ಆದರೆ ಮಳೆಗಾಲದಲ್ಲಿ ಘಟ್ಟದ ಸೆರಗಿನ ಹುಡುಗನಿಗೆ ಕುಮಟೆಯೇ ದೂರ. ಸೊಕ್ಕಿದ್ದವನಿಗೆ ಯಾಣ, ರೊಕ್ಕವಿದ್ದವನಿಗೆ ಗೋಕರ್ಣ ಎಂಬ ಗಾದೆ ಹುಟ್ಟಿದ ಕಾಲದಿಂದ ಈಚೆಗೆ ರಸ್ತೆ ಬಂದಿರುವುದು ನಿಜ. ಹಳ್ಳ ತುಂಬಿ ಮರ ಉರುಳುವುದು ಮಾತ್ರ ನಿಂತಿಲ್ಲ. ೨೦೨೪ನೆಯ ಜುಲೈ ೧೬ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತು. ಹೆದ್ದಾರಿಯ ಪಾಡೇ ಇದಾದರೆ ಕಾಡುದಾರಿಯ ಪಾಡೇನು?

ಒಂದು ಸೆಮಿಸ್ಟರಿಗೆ ೯೦ ಪಾಠದ ದಿನಗಳೆಂದರೆ ತಪ್ಪಿಸಬಹುದಾದವು ೨೨. ಕಾಯಿಲೆ ಕಸಾಲೆಗಳಿಗೆಂದು ಬಿಟ್ಟ ಈ ಸಲಿಗೆಯನ್ನು ಮಳೆಯೊಂದೇ ನುಂಗಬಲ್ಲದು. ಜಿಲ್ಲಾಧಿಕಾರಿಗಳು ರಜೆ ಸಾರಿದ ದಿನ ಪಾಠವೇ ಇಲ್ಲ, ಗೈರುಹಾಜರಿಯೂ ಇಲ್ಲ. ಆದರೆ ಪೇಟೆಯಲ್ಲಿ ಬಿಸಿಲು ಕಂಡು ಕಾಲೇಜು ತೆರೆದು, ಮೇಲಿನೂರಿನ ಹಳ್ಳ ಇಳಿಯದಿದ್ದರೆ ಆ ದಿನವು ಹುಡುಗನ ಲೆಕ್ಕಕ್ಕೆ ಬೀಳುತ್ತದೆ. ಮಳೆಗಾಲದ ಸೆಮಿಸ್ಟರು ಕೈತಪ್ಪಿದರೆ ಅದು ಮತ್ತೆ ಬರುವುದು ಮುಂದಿನ ಮಳೆಗಾಲಕ್ಕೇ.

ನಿಯಮವನ್ನು ಸಡಿಲಿಸಿದರೆ ಸೋಮಾರಿಗಳಿಗೆ ಹಬ್ಬವಾದೀತೆಂದು ಕೆಲವರು ಹೇಳಬಹುದು. ಹಾಜರಿ ಬೇಡವೆಂಬುದು ನಮ್ಮ ವಾದವಲ್ಲ. ಗುರುಮುಖದಿಂದ ಕಲಿಯದ ವಿದ್ಯೆ ಅರೆವಿದ್ಯೆಯೆಂಬುದನ್ನು ನಾವೂ ಬಲ್ಲೆವು. ಆದರೆ ಶಿಷ್ಯರನ್ನು ಅತಿ ಬಿಗಿಯಿಂದ ನಡೆಯಿಸಿದ ನಮ್ಮ ಧರ್ಮಶಾಸ್ತ್ರಕಾರರೇ ಗುಡುಗು ಮಳೆಗಳ ಹೊತ್ತಿಗೆ ಅನಧ್ಯಾಯವನ್ನು ವಿಧಿಸಿದ್ದರು. ಅದರಿಂದ ವೇದಾಧ್ಯಯನವು ಕೆಟ್ಟುಹೋಗಲಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಎರಡು. ಕಾಯಿಲೆಗೆ ವೈದ್ಯರ ಪತ್ರವು ಹೇಗೋ ಹಾಗೆ, ದಾರಿ ಕಟ್ಟಿದ ದಿನಗಳಿಗೆ ತಹಸೀಲ್ದಾರರ ಪತ್ರವನ್ನು ಅಂಗೀಕರಿಸಿ, ಅಷ್ಟು ದಿನಗಳನ್ನು ಆ ವಿದ್ಯಾರ್ಥಿಯ ಲೆಕ್ಕದಿಂದ ಕಳೆಯಬೇಕು. ತಪ್ಪಿದ ಪಾಠಗಳನ್ನು ಮಳೆ ಹಿಂದೆಗೆದ ಮೇಲೆ ಕಾಲೇಜಿನಲ್ಲಿಯೇ ಹೇಳಿಕೊಡಬೇಕು. ಇವೆರಡಕ್ಕೂ ಹೆಚ್ಚಿನ ಹಣವು ಬೇಡ, ಮನಸ್ಸು ಬೇಕು. ಧಾರವಾಡದ ಅಧಿಕಾರಿಗಳು ಮುಂದಿನ ಮುಂಗಾರಿಗೆ ಮುಂಚೆಯೇ ಈ ವಿಷಯವನ್ನು ಪರ್ಯಾಲೋಚಿಸಿ ತಕ್ಕ ಆಜ್ಞೆಯನ್ನು ಹೊರಡಿಸುವರೆಂದು ನಂಬುತ್ತೇವೆ.