ಸೊಂಟದ ಸುತ್ತಳತೆಗೂ ವಸಡಿಗೂ ನಂಟಿದೆ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಅಭಾವದ ಕಾಲದ್ದು. ಇಂದಿನ ನಗರವಾಸಿ ಮಧ್ಯಮ ವರ್ಗದ ಸಂಕಟ ಬೇರೆ. ಇಲ್ಲಿ ಕಡಲೆಗೆ ಕೊರತೆಯಿಲ್ಲ. ಕರಿದದ್ದಕ್ಕೂ ಸಿಹಿಗೂ ಇಲ್ಲ. ಆ ಸಮೃದ್ಧಿಯೇ ಬೊಜ್ಜಾಗಿ ಶೇಖರಗೊಂಡು, ಹಲ್ಲಿನ ಬುಡವನ್ನು ಸಡಿಲಗೊಳಿಸುವುದರಲ್ಲೂ ಪಾಲು ಪಡೆಯುತ್ತಿದೆ. ಬೊಜ್ಜಿನ ಬೆನ್ನಿಗೇ ಮಧುಮೇಹ, ರಕ್ತದೊತ್ತಡ, ಹೃದ್ರೋಗ ಬರುತ್ತವೆಂದು ಬಲ್ಲ ನಾವು ವಸಡಿನ ರೋಗವನ್ನು ಮಾತ್ರ ಆ ಪಟ್ಟಿಗೆ ಸೇರಿಸಿಲ್ಲ.

ಇದು ಹೊಸ ಸಂಗತಿಯೇನಲ್ಲ. ಸ್ಥೂಲಕಾಯದ ಇಲಿಗಳಲ್ಲಿ ವಸಡಿನ ರೋಗ ತೀವ್ರವಾಗುವುದನ್ನು ಪರ್ಲ್‌ಸ್ಟೀನ್ ಮತ್ತು ಬಿಸ್ಸಾಡ 1977ರಲ್ಲೇ ವರದಿ ಮಾಡಿದ್ದರು. 1998ರಲ್ಲಿ ಜಪಾನಿನ ಸೈಟೊ ಮತ್ತು ಸಂಗಡಿಗರು 241 ಮಂದಿಯನ್ನು ಪರೀಕ್ಷಿಸಿ, ಮನುಷ್ಯರಲ್ಲೂ ಇಂಥದೇ ನಂಟಿರುವುದನ್ನು ತೋರಿಸಿದರು. ಅಮೆರಿಕದ 13,665 ಜನರ ಮಾಹಿತಿ ಆಧರಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಸಂಬಂಧ ಕಂಡುಬಂದದ್ದು ವೃದ್ಧರಲ್ಲಿ ಅಲ್ಲ, 18ರಿಂದ 34 ವರ್ಷದವರಲ್ಲಿ. ವಸಡಿನ ರೋಗ ಮುಪ್ಪಿನ ಕಾಯಿಲೆ ಎಂಬ ನಮ್ಮ ನಂಬಿಕೆಯನ್ನು ಅಲುಗಾಡಿಸಲು ಇಷ್ಟು ಸಾಕು.

ಕಾರಣ ಸರಳವಾಗಿದೆ. ಕೊಬ್ಬಿನ ಅಂಗಾಂಶ ಬರೀ ಉಗ್ರಾಣವಲ್ಲ. ಅದು ಉರಿಯೂತವನ್ನು ಪ್ರಚೋದಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ವಸಡಿನ ರೋಗವನ್ನು ಆರಂಭಿಸುವುದು ಹಲ್ಲಿಗಂಟಿದ ಬ್ಯಾಕ್ಟೀರಿಯಾ; ಆದರೆ ಹಲ್ಲನ್ನು ಹಿಡಿದಿಟ್ಟ ಮೂಳೆಯನ್ನು ಕರಗಿಸುವುದು ಬಹುಮಟ್ಟಿಗೆ ದೇಹದ್ದೇ ಉರಿಯೂತ. ಮೊದಲೇ ಕಾವೇರಿದ ದೇಹದಲ್ಲಿ ಈ ಕಿಚ್ಚು ಬೇಗ ಹಬ್ಬುತ್ತದೆ. ದಾರಿ ಒಮ್ಮುಖವೂ ಅಲ್ಲ. ವಸಡಿಗೆ ಚಿಕಿತ್ಸೆ ನೀಡಿದರೆ ಮಧುಮೇಹಿಗಳ ರಕ್ತದ ಸಕ್ಕರೆ ತಕ್ಕಮಟ್ಟಿಗೆ ಹತೋಟಿಗೆ ಬರುತ್ತದೆಂಬುದನ್ನು 2022ರ ಕಾಕ್ರೇನ್ ಪರಾಮರ್ಶೆ ದೃಢಪಡಿಸಿದೆ. ಹಲ್ಲು ಕಳೆದುಕೊಂಡವರು ಹಸಿ ತರಕಾರಿ, ಕಾಳು, ರೊಟ್ಟಿ ಬಿಟ್ಟು ಮೆತ್ತನೆಯ ಸಿಹಿ ತಿನಿಸಿನತ್ತ ಹೊರಳಿದರೆ ತೂಕ ಮತ್ತೆ ಏರುತ್ತದೆ.

ನಂಟು ಇದ್ದ ಮಾತ್ರಕ್ಕೆ ಬೊಜ್ಜೇ ಕಾರಣವೆನ್ನಲಾದೀತೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಧೂಮಪಾನ, ಮಧುಮೇಹ, ಹಲ್ಲುಜ್ಜುವಲ್ಲಿನ ಉದಾಸೀನ ಇವೆಲ್ಲವೂ ಇದರಲ್ಲಿ ಬೆರೆತಿವೆ. ತೆಳ್ಳಗಿರುವವರ ವಸಡೂ ಕೆಡುತ್ತದೆ. ಹಾಗಾಗಿ ದಪ್ಪಗಿರುವವರನ್ನು ಇನ್ನೊಂದು ನೆಪ ಹಿಡಿದು ಹಂಗಿಸುವುದು ಸಲ್ಲದು. ಆದರೆ ಎರಡು ತೊಂದರೆಗಳು ಜೊತೆಯಾಗಿ ಸಾಗುತ್ತವೆಂದು ತಿಳಿದ ಮೇಲೂ ಅವುಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ನೋಡುವುದು ಜಾಣತನವಲ್ಲ.

ನಮ್ಮಲ್ಲಿ ನಡೆಯುತ್ತಿರುವುದು ಅದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ 24ರಷ್ಟು ಮಹಿಳೆಯರು, ಶೇ 23ರಷ್ಟು ಪುರುಷರು ಅಧಿಕ ತೂಕದವರು. ಕರ್ನಾಟಕದಲ್ಲಿ ಈ ಪ್ರಮಾಣ ಶೇ 30ರ ಆಸುಪಾಸಿನಲ್ಲಿದೆ. ವೈದ್ಯರು ತೂಕ ನೋಡುತ್ತಾರೆ, ಬಾಯಿ ತೆರೆಸುವುದಿಲ್ಲ. ದಂತವೈದ್ಯರು ಬಾಯಿ ನೋಡುತ್ತಾರೆ, ತೂಕ ಕೇಳುವುದಿಲ್ಲ. ಬಹುಪಾಲು ಆರೋಗ್ಯ ವಿಮೆಗಳಂತೂ, ಅಪಘಾತದ ಸಂದರ್ಭ ಬಿಟ್ಟರೆ, ಹಲ್ಲನ್ನು ದೇಹದ ಭಾಗವೆಂದೇ ಪರಿಗಣಿಸುವುದಿಲ್ಲ.

ಪರಿಹಾರಕ್ಕೆ ಹೊಸ ಯೋಜನೆ ಬೇಕಿಲ್ಲ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದವರ ಸೊಂಟದ ಸುತ್ತಳತೆಯನ್ನು ಆಶಾ ಕಾರ್ಯಕರ್ತೆಯರು ನಮೂದಿಸುತ್ತಾರೆ. ಅದೇ ಕಾರ್ಯಕ್ರಮದಡಿ ಬಾಯಿಯ ಕ್ಯಾನ್ಸರ್ ತಪಾಸಣೆಯೂ ಇದೆ. ಅಳತೆಪಟ್ಟಿ ಸೊಂಟಕ್ಕೆ ಬಂದಿದೆ, ಟಾರ್ಚು ಬಾಯಿಗೆ ಬಿದ್ದಿದೆ. ಅಷ್ಟರಲ್ಲಿ ‘ವಸಡಿನಿಂದ ರಕ್ತ ಬರುತ್ತದೆಯೇ, ಹಲ್ಲು ಅಲುಗಾಡುತ್ತದೆಯೇ’ ಎಂದು ಕೇಳಿ, ಹೌದೆಂದವರನ್ನು ದಂತವೈದ್ಯರ ಬಳಿ ಕಳುಹಿಸಲು ಎಷ್ಟು ಖರ್ಚಾದೀತು? ದಂತ ಚಿಕಿತ್ಸಾಲಯಗಳೂ ಒಂದು ತೂಕದ ಯಂತ್ರ ಇಟ್ಟುಕೊಳ್ಳಬಹುದು.

ನೋವಿಲ್ಲದ ಕಾಯಿಲೆಗೆ ನಮ್ಮಲ್ಲಿ ಮರ್ಯಾದೆಯಿಲ್ಲ. ಉಜ್ಜುವಾಗ ರಕ್ತ ಕಂಡರೆ ಟೂತ್‌ಪೇಸ್ಟ್ ಬದಲಿಸಿ ಸುಮ್ಮನಾಗುತ್ತೇವೆ. ಬೊಜ್ಜು ಮತ್ತು ವಸಡಿನ ರೋಗ ಎರಡೂ ಹೀಗೆ ಸದ್ದಿಲ್ಲದೆ ಬೆಳೆಯುವಂಥವು. ಕರಗಿದ ಸೊಂಟ ಮರಳಿ ಸಿಗಬಹುದು, ಕರಗಿದ ಮೂಳೆ ಸುಲಭವಾಗಿ ಮರಳುವುದಿಲ್ಲ.