ಮಾಂತ್ರಿಕನಿಗೂ ಒಂದು ಮನಸ್ಸು ಬೇಕು



ವಾರ್ಷಿಕೋತ್ಸವವು ಸಮೀಪಿಸಿತೆಂದರೆ ನಮ್ಮ ಶಾಲೆಯಲ್ಲಿ ಒಬ್ಬ ಮಾಂತ್ರಿಕನು ಹುಟ್ಟುತ್ತಾನೆ. ಹತ್ತಿಯ ಗಡ್ಡ, ಕಪ್ಪು ನಿಲುವಂಗಿ, ಕೈಯಲ್ಲೊಂದು ಕೋಲು, ಗಂಟಲು ಹರಿಯುವಂತಹ ಅಟ್ಟಹಾಸ. ಇಷ್ಟಾದರೆ ಅವನ ಸಿದ್ಧತೆ ಮುಗಿಯಿತು. ಪರದೆ ಬೀಳುತ್ತಲೇ ಅವನೂ ಇಲ್ಲವಾಗುತ್ತಾನೆ. ಮರುದಿನ ಅವನ ಹೆಸರು ಯಾರ ಬಾಯಲ್ಲಿಯೂ ಇರುವುದಿಲ್ಲ. ಬಿಡುವಿನ ವೇಳೆಯಲ್ಲಿ ನೀವು ಕಟ್ಟಿಕೊಂಡು ಆಡುವ ಆಟಗಳಲ್ಲಿಯೂ ಇದನ್ನೇ ಕಂಡಿದ್ದೇನೆ. ಒಬ್ಬನು ರಾಜ, ಒಬ್ಬನು ಕಳ್ಳ, ಒಬ್ಬನು ಮಾಂತ್ರಿಕ. ಈ ಮಾಂತ್ರಿಕನು ಮುಟ್ಟಿದ್ದೆಲ್ಲವನ್ನೂ ಬೂದಿ ಮಾಡುತ್ತಾನೆ. ಆದಕಾರಣ ಐದೇ ನಿಮಿಷಗಳಲ್ಲಿ ಆಟವೂ ಬೂದಿಯಾಗುತ್ತದೆ!

ಎಲ್ಲವನ್ನೂ ಮಾಡಬಲ್ಲ ಪಾತ್ರವು ಪಾತ್ರವೇ ಅಲ್ಲವೆಂಬುದು ನನ್ನ ಅಭಿಪ್ರಾಯ. ಮಾಂತ್ರಿಕನ ಶಕ್ತಿ ಬೇರೆ, ಅವನ ಸ್ವಭಾವ ಬೇರೆ. ಶಕ್ತಿಯು ಯಾವ ಮಾಂತ್ರಿಕನಿಗಾದರೂ ಒಂದೇ, ಸ್ವಭಾವವು ಅವನೊಬ್ಬನದೇ. ಅವನಿಗೆ ಏನು ಬೇಕು, ಅವನಿಗೆ ಏನು ಸಾಧ್ಯವಿಲ್ಲ, ತನ್ನ ವಿದ್ಯೆಗಾಗಿ ಅವನು ತೆರುವ ಬೆಲೆಯೇನು—ಈ ಮೂರನ್ನು ತಿಳಿದಾಗ ಮಾತ್ರ ಹತ್ತಿಯ ಗಡ್ಡದ ಹಿಂದೆ ಒಂದು ಮುಖವು ಮೂಡುತ್ತದೆ.

ಇಂತಹ ಆಟವು ಇಂದು ಲೋಕದಲ್ಲಿ ದೊಡ್ಡದಾಗಿ ಬೆಳೆದಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಹೊರತಂದರು. ಕೆಲವರು ಒಂದು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ದಾಳಗಳನ್ನು ಉರುಳಿಸುತ್ತ, ಮಾತಿನಲ್ಲಿಯೇ ಕಥೆಯನ್ನು ಮುಂದಕ್ಕೊಯ್ಯುವ ಆಟವಿದು. ವೇಷವಿಲ್ಲ, ರಂಗವಿಲ್ಲ, ಮಾತೇ ಎಲ್ಲ. ಇದನ್ನು ಕೇಳಿದಾಗ ನನಗೆ ನನ್ನ ಊರು ನೆನಪಾಯಿತು.

ನಾನು ದಕ್ಷಿಣ ಕನ್ನಡದ ಒಂದು ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಕಲಿತು, ಹೊಟ್ಟೆಪಾಡಿಗಾಗಿ ಈ ಕಡೆಗೆ ಬಂದವನು. ಮಳೆಗಾಲದಲ್ಲಿ ನಮ್ಮೂರಿನ ದೊಡ್ಡ ಮನೆಯ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಭಾಗವತರು ಪದ್ಯವನ್ನು ಹಾಡುವರು. ಅರ್ಥಧಾರಿಗಳು ಬಣ್ಣವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಪಾತ್ರವಾಗಿ ಮಾತನಾಡುವರು. ಮಾತು ಬರೆದದ್ದಲ್ಲ, ಆ ಕ್ಷಣದಲ್ಲಿ ಹುಟ್ಟಿದ್ದು. ಒಂದೇ ಪದ್ಯಕ್ಕೆ ಒಬ್ಬರ ವಾಲಿ ಗರ್ವಿಷ್ಠನಾದರೆ, ಇನ್ನೊಬ್ಬರ ವಾಲಿ ಮೋಸಹೋದ ಅಣ್ಣನಾಗುತ್ತಿದ್ದನು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಗಳ ಹೆಸರು ಇಂದಿಗೂ ಉಳಿದಿರುವುದು ಅವರು ಪಾತ್ರಕ್ಕೆ ಕೊಟ್ಟ ಮನಸ್ಸಿನಿಂದ.

ನಮ್ಮ ಪುರಾಣಗಳಲ್ಲಿ ನನಗೆ ಬಹಳ ಪ್ರಿಯನಾದ ಮಾಂತ್ರಿಕನೆಂದರೆ ಶುಕ್ರಾಚಾರ್ಯ. ಸತ್ತವರನ್ನು ಬದುಕಿಸುವ ಮೃತಸಂಜೀವಿನಿ ಅವನ ವಿದ್ಯೆ. ಇಷ್ಟು ಮಾತ್ರವಾಗಿದ್ದರೆ ಅವನೊಂದು ಔಷಧದ ಶೀಸೆಯಾಗುತ್ತಿದ್ದನು! ಆದರೆ ಮಹಾಭಾರತದ ಆದಿಪರ್ವದ ಕಚನ ಕಥೆಯನ್ನು ಗಮನಿಸಿರಿ. ಶತ್ರುಪಕ್ಷದ ಗುರುವಾದ ಬೃಹಸ್ಪತಿಯ ಮಗನು ಶಿಷ್ಯನಾಗಿ ಬಂದರೆ ಶುಕ್ರನು ಅವನನ್ನು ಸ್ವೀಕರಿಸುತ್ತಾನೆ. ರಾಕ್ಷಸರು ಕಚನನ್ನು ಕೊಂದಾಗಲೆಲ್ಲ ಮಗಳು ದೇವಯಾನಿಯ ಕಣ್ಣೀರನ್ನು ನೋಡಲಾರದೆ ಅವನನ್ನು ಬದುಕಿಸುತ್ತಾನೆ. ಅವನಿಗೆ ಮದ್ಯದ ಚಪಲವುಂಟು. ಅದನ್ನರಿತ ರಾಕ್ಷಸರು ಮೂರನೆಯ ಸಲ ಕಚನನ್ನು ಸುಟ್ಟು, ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರುವಿಗೇ ಕುಡಿಸುತ್ತಾರೆ. ಈಗ ಶಿಷ್ಯನು ಹೊರಗೆ ಬರಬೇಕಾದರೆ ಗುರುವಿನ ಹೊಟ್ಟೆ ಸೀಳಬೇಕು! ಯಾರಿಗೂ ಕೊಡದಿದ್ದ ವಿದ್ಯೆಯನ್ನು ಶುಕ್ರನು ಹೊಟ್ಟೆಯೊಳಗಿನ ಶಿಷ್ಯನಿಗೆ ಉಪದೇಶಿಸಿ ಸಾಯುತ್ತಾನೆ. ಹೊರಬಂದ ಕಚನು ಅದೇ ವಿದ್ಯೆಯಿಂದ ಗುರುವನ್ನು ಬದುಕಿಸುತ್ತಾನೆ. ಆ ಚಪಲವು ಬರಿಯ ಅಲಂಕಾರವಲ್ಲ. ಕಥೆಯ ಕೀಲು ಅದರಲ್ಲಿದೆ. ಮಗಳ ಮೇಲಿನ ಮಮತೆಯೂ ಅಂತೆಯೇ. ಅವೆರಡನ್ನು ತೆಗೆದುಬಿಟ್ಟರೆ ಉಳಿಯುವುದು ಮಂತ್ರ ಮಾತ್ರ, ಶುಕ್ರನು ಉಳಿಯುವುದಿಲ್ಲ.

'ಮಾಸ್ತರರೇ, ಮಾಟಮಂತ್ರದ ಕಥೆಗಳು ಮಕ್ಕಳಲ್ಲಿ ಮೂಢನಂಬಿಕೆಯನ್ನು ಬೆಳೆಸುವುದಿಲ್ಲವೇ?' ಎಂದು ಪಾಲಕರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆಯು ಯೋಗ್ಯವಾದುದೇ. ನಮ್ಮ ಲೋಕಲ್ ಗಾಡಿಗಳ ಡಬ್ಬಿಗಳಲ್ಲಿ 'ಬಾಬಾ'ಗಳ ಚೀಟಿಗಳು ಅಂಟಿಕೊಂಡಿರುವುದನ್ನು ನೀವೂ ಕಂಡಿರಬಹುದು. ನೌಕರಿ, ಮದುವೆ, ಸಾಲ, ರೋಗ, ಎಲ್ಲಕ್ಕೂ ಅವರಲ್ಲಿ ಪರಿಹಾರವುಂಟಂತೆ. ಇಂತಹ ವಂಚನೆ ಮತ್ತು ಕ್ರೌರ್ಯಗಳನ್ನು ತಡೆಯಲೆಂದೇ ಮಹಾರಾಷ್ಟ್ರವು 2013ರಲ್ಲಿ ಕಾಯಿದೆಯನ್ನು ತಂದಿತು. ಕರ್ನಾಟಕದ ವಿಧಾನಮಂಡಲವು 2017ರಲ್ಲಿ ಅಂತಹುದನ್ನೇ ಅಂಗೀಕರಿಸಿತು. ಆದರೆ ಚೀಟಿಯ ಬಾಬಾನಿಗೂ ಕಥೆಯ ಮಾಂತ್ರಿಕನಿಗೂ ಇರುವ ಅಂತರವನ್ನು ನೋಡಿರಿ. ಬಾಬಾನಿಗೆ ಸಾಧ್ಯವಿಲ್ಲದುದು ಯಾವುದೂ ಇಲ್ಲ. ಬೆಲೆ ತೆರುವವರು ಯಾವಾಗಲೂ ನಾವು. ಒಳ್ಳೆಯ ಕಥೆಯ ಮಾಂತ್ರಿಕನಿಗೆ ಸಾಧ್ಯವಿಲ್ಲದುದು ಬಹಳವಿದೆ. ಬೆಲೆ ತೆರುವವನು ಅವನೇ. ಏಳು ಸಮುದ್ರಗಳಾಚೆ ಗಿಣಿಯಲ್ಲಿ ಪ್ರಾಣವನ್ನಿಟ್ಟವನ ಕಥೆಯನ್ನು ಅಜ್ಜಿ ಹೇಳಿದ್ದು ಈ ವಿವೇಕವನ್ನು ಕಲಿಸಲೆಂದೇ ಇರಬೇಕು. ಕಥೆಯಲ್ಲಿ ಇದನ್ನು ಕಲಿತ ಬಾಲಕನು ಗಾಡಿಯ ಚೀಟಿಗೆ ಮರುಳಾಗಲಾರನು.

ಇನ್ನು ಹೋದ ವರ್ಷದ ಸಂಗತಿಯೊಂದನ್ನು ಹೇಳುವೆನು. ನಾಟಕದ ಮಾಂತ್ರಿಕನ ಪಾತ್ರವು ಏಳನೆಯ ತರಗತಿಯ ಒಬ್ಬ ಹುಡುಗನಿಗೆ ಬಂದಿತ್ತು. ಅವನ ಮನೆಯವರು ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರು. ನಾನು ಬರೆದುಕೊಟ್ಟ ಶುದ್ಧ ಗ್ರಾಂಥಿಕ ಮಾತುಗಳನ್ನು ಅವನು ತಪ್ಪಿಲ್ಲದೆ ಒಪ್ಪಿಸುತ್ತಿದ್ದನು. ಆದರೆ ಅವು ಕಲ್ಲಿನಂತೆ ಬೀಳುತ್ತಿದ್ದವು. ಒಂದು ದಿನ ಅಭ್ಯಾಸದ ನಡುವೆ ಮಾತು ಮರೆತು, ಮೈಯೆಲ್ಲ ತಡವಿಕೊಳ್ಳುತ್ತ, 'ತಡೀಪಾ ತಮ್ಮಾ, ಮಂತ್ರ ಎಲ್ಲಿ ಇಟ್ಟೀನೋ ನೆನಪಾಗವಲ್ದು' ಎಂದನು. ಎಲ್ಲರೂ ನಕ್ಕರು. ಅವನು ನಾಚಿಕೆಯಿಂದ ತಲೆ ತಗ್ಗಿಸಿದನು. ಅದು ಅವನ ಅಜ್ಜನು ನಶ್ಯದ ಡಬ್ಬಿಯನ್ನು ಹುಡುಕುವ ರೀತಿಯಂತೆ.

'ಇದನ್ನೇ ಇಟ್ಟುಕೋ. ಆದರೆ ನಿನ್ನ ಮಾಂತ್ರಿಕನು ಮರೆಯುವುದೇಕೆ?' ಎಂದು ಕೇಳಿದೆನು. ಮರುದಿನ ಬಂದು ಉತ್ತರ ಕೊಟ್ಟನು: 'ಒಂದೊಂದು ಮಂತ್ರ ಹೇಳಿದಾಗೊಮ್ಮೆ ಅವನ ಒಂದೊಂದು ನೆನಪು ಹೋಗ್ತದ್ರಿ ಸರ್. ಕಡೀ ಮಂತ್ರ ಹೇಳಿದ್ರ ಮೊಮ್ಮಗನ ಹೆಸರು ಹೋಗ್ತದ.' ನಾನು ಮರುಮಾತಾಡಲಿಲ್ಲ. ಅವನ ಅಜ್ಜನಿಗೆ ಮನೆಯವರ ಹೆಸರುಗಳು ಮರೆಯತೊಡಗಿದ್ದವೆಂದು ಆಮೇಲೆ ತಿಳಿಯಿತು. ನಾಟಕದ ಸಂಜೆ, ಊರನ್ನುಳಿಸುವ ಕಡೆಯ ಮಂತ್ರವನ್ನು ಹೇಳಿ, ಎದುರು ನಿಂತ ಮೊಮ್ಮಗನನ್ನು ನೋಡಿ, 'ನೀ ಯಾರ ಪೈಕಿಪಾ?' ಎಂದು ಅವನು ಕೇಳಿದಾಗ ಸಭಾಗೃಹವು ನಿಶ್ಶಬ್ದವಾಯಿತು. ಆ ಮಾಂತ್ರಿಕನನ್ನು ನಮ್ಮ ಶಾಲೆಯು ಇನ್ನೂ ಮರೆತಿಲ್ಲ.

ಇದರಿಂದ ನಾನು ಕಲಿತ ಪಾಠವೆರಡು. ಮೊದಲನೆಯದು: ಚಾಳಿಯನ್ನು ಅಂಗಿಯ ಗುಂಡಿಯಂತೆ ಹೊರಗಿನಿಂದ ಹೊಲಿಯಬಾರದು, ಅದಕ್ಕೊಂದು ಕಾರಣವಿರಬೇಕು. ನಿಮ್ಮ ಮಾಂತ್ರಿಕನು ಉಪ್ಪನ್ನು ಮುಟ್ಟದಿದ್ದರೆ, ಏಕೆ ಮುಟ್ಟುವುದಿಲ್ಲವೆಂದು ಕೇಳಿರಿ. ಸದಾ ಲೆಕ್ಕ ಹಾಕುತ್ತಿದ್ದರೆ, ಯಾರಿಗೆ ಸಾಲಗಾರನೆಂದು ಕೇಳಿರಿ. ಹತ್ತು ಚಾಳಿಗಳಿಗಿಂತ ಕಾರಣವುಳ್ಳ ಒಂದು ಚಾಳಿಯೇ ಮೇಲು. ಎರಡನೆಯದು ನನ್ನ ತಪ್ಪಿನ ಒಪ್ಪಿಗೆ. ಪುಸ್ತಕದ ಕನ್ನಡವೊಂದೇ ರಂಗಕ್ಕೆ ಯೋಗ್ಯವೆಂದು ಭಾವಿಸಿ, ಆ ಹುಡುಗನ ಮನೆಮಾತನ್ನು ನಾನು ಬಾಗಿಲ ಹೊರಗೆ ನಿಲ್ಲಿಸಿದ್ದೆನು. ನಮ್ಮ ತರಗತಿಗಳಲ್ಲಿ ಕಲಬುರಗಿಯ ಮಾತಿದೆ, ವಿಜಯಪುರದ ಮಾತಿದೆ, ತುಳು ಬೆರೆತ ಕರಾವಳಿಯ ಮಾತಿದೆ, ಬೀದಿಯಿಂದ ಬಂದ ಮರಾಠಿಯೂ ಇದೆ. ಇವುಗಳಿಗಾಗಿ ನಾಚಬೇಕಾಗಿಲ್ಲ. ಗ್ರಾಂಥಿಕ ಭಾಷೆಯನ್ನು ಅವಶ್ಯವಾಗಿ ಕಲಿಯಿರಿ. ಆದರೆ ಪಾತ್ರಕ್ಕೆ ಉಸಿರು ಬೇಕಾದಾಗ ಮನೆಯ ಜಗಲಿಗೆ ಹೋಗಿರಿ.

ಮಕ್ಕಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿರಿ. ನಮ್ಮ ಬೇಲಾಪುರದ ಖಾಡಿಯ ಬಳಿಯ ಹಳೆಯ ಕೋಟೆಯಲ್ಲಿ ಒಬ್ಬ ಮಾಂತ್ರಿಕನಿದ್ದಾನೆಂದು ಕಲ್ಪಿಸಿರಿ. ಅವನು ಏನೇನು ಮಾಡಬಲ್ಲನೆಂದು ಬರೆಯಬೇಡಿರಿ. ಭರತದ ನೀರು ಏರಿದಾಗ ಅವನಿಗೆ ಏಕೆ ಅಂಜಿಕೆಯಾಗುತ್ತದೆ, ಬೆಳಗಿನ ಮೊದಲ ಗಾಡಿಯ ಸದ್ದಿಗೆ ಅವನು ಯಾರನ್ನು ಕಾಯುತ್ತಾನೆ ಎಂಬುದನ್ನು ಮಾತ್ರ ಬರೆಯಿರಿ. ಬರೆದುದನ್ನು ಶಾಲೆ ತೆರೆದ ದಿನ ನನಗೆ ತಂದು ತೋರಿಸಿರಿ, ಓದಲು ಕಾದಿರುವೆನು.